ಮೊದಲು ಜೋಳ, ಉಳಿದದ್ದು ಆಮೇಲೆ

ನಮ್ಮ ಮನೆಯಲ್ಲಿ ಐದು ಜನ. ನಾನು, ನಮ್ಮನೆಯವರು, ಅತ್ತೆ, ಎರಡು ಮಕ್ಕಳು. ವಿಜಯಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಾಳಿಗೆ ಹತ್ತಿದರೆ ಗೋಳಗುಮ್ಮಟ ಕಾಣುತ್ತದೆ, ಪುಣ್ಯಕ್ಕೆ ಅದಕ್ಕೆ ಬೇರೆ ಬಾಡಿಗೆ ಹಾಕಿಲ್ಲ. ನಮ್ಮನೆಯವರು ಗೂಡ್ಸ್ ಟೆಂಪೊ ಓಡಿಸುತ್ತಾರೆ. ಮೂರು ವರ್ಷದ ಹಿಂದೆ ಅವರ ಮಾಲೀಕರು ಇದ್ದ ಎರಡು ಗಾಡಿಯಲ್ಲಿ ಒಂದನ್ನು ಮಾರಿದರು. ವಾರಕ್ಕೆ ಆರು ದಿನ ಇದ್ದ ಕೆಲಸ ಮೂರು ನಾಲ್ಕು ದಿನಕ್ಕೆ ಬಂತು. ತಿಂಗಳಿಗೆ 14 ಸಾವಿರ ಬರುತ್ತಿದ್ದದ್ದು 9 ಸಾವಿರಕ್ಕೆ ಇಳಿಯಿತು. ನಾನು ಮನೆಯಲ್ಲೇ ಜಂಪರ್, ಅಂದರೆ ರವಿಕೆ, ಹೊಲಿಯುತ್ತೇನೆ. ಮದುವೆ ದಿನಗಳಲ್ಲಿ 6 ಸಾವಿರ ಆಗುತ್ತದೆ, ಆಷಾಢದಲ್ಲಿ 2 ಸಾವಿರ ಆದರೆ ಹೆಚ್ಚು.

ಜಂಪರ್ ಅಳತೆ ಕೊಡಲು ಬರುವ ಹೆಂಗಸರು ಮಾತಿಗೆ ಕೂತರೆ ಕೊನೆಗೆ ಬರುವುದು ಇಲ್ಲಿಗೇ: ಇಷ್ಟರಲ್ಲಿ ಹೆಂಗ ನಡಸ್ತೀರಿ? ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಹೇಳುವ ಕೆಲಸವೇ, ಖರ್ಚು ಬರೆಯುವುದು. ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಒಂದು ತಿಂಗಳು ಪೂರ್ತಿ ಬರೆದೆ. ಬಾಡಿಗೆ 4 ಸಾವಿರ, ಅದನ್ನು ಏನೂ ಮಾಡಲಾಗುವುದಿಲ್ಲ. ಸಾಲದ ಕಂತು, ಅದನ್ನೂ ಆಗ ಏನೂ ಮಾಡಲಾಗುತ್ತಿರಲಿಲ್ಲ. ಆದರೆ ಕಿರಾಣಿಯ ಸಾಲುಗಳು ನೋಡಿ ಹೊಟ್ಟೆ ಉರಿಯಿತು. ಎರಡು ಕೆಜಿ ಜೋಳ, ಅರ್ಧ ಕೆಜಿ ಬೇಳೆ, ಪಾವು ಕೆಜಿ ಶೇಂಗಾ, 50 ಗ್ರಾಂ ಖಾರದ ಪುಡಿ. ದಿನಾ ಇಷ್ಟಿಷ್ಟು. ಅದೂ ಉದ್ರಿ ಖಾತೆಯಲ್ಲಿ. ಉದ್ರಿ ತರುವವರು ರೇಟ್ ಕೇಳುವ ಹಾಗಿಲ್ಲ, ಅಲ್ವಾ? ಕೈಯಲ್ಲಿ ದುಡ್ಡಿಲ್ಲದವರೇ ಪ್ರತಿಯೊಂದಕ್ಕೂ ಜಾಸ್ತಿ ದುಡ್ಡು ಕೊಡುತ್ತಿರುತ್ತೇವೆ.

ನಾನು ನೋಟ್‌ಬುಕ್ ಹಿಡಿದು ಚಿಂತೆ ಮಾಡುತ್ತಿದ್ದಾಗ ಅತ್ತೆ ಅಂದರು: "ತಿಂಗಳಾ ತಿಂಗಳಾ ಲೆಕ್ಕ ಹಾಕಾಕ ನಾವೇನು ಪಗಾರದ ಮಂದೀನ? ನಮ್ಮದು ಸುಗ್ಗಿ ಲೆಕ್ಕ." ಅತ್ತೆ 1972ರ ಬರ ನೋಡಿದವರು. ಬರಗಾಲದ ಕಾಮಗಾರಿಯಲ್ಲಿ ಅವರ ಅವ್ವ ಕಲ್ಲು ಒಡೆಯುವಾಗ ಇವರು ತಮ್ಮನನ್ನು ಎತ್ತಿಕೊಂಡು ಗಿಡದ ನೆರಳಲ್ಲಿ ಕೂತಿದ್ದರಂತೆ. ಊಟದ ವಿಷಯಕ್ಕೆ ಅವರ ಮಾತನ್ನು ನಾನು ತಳ್ಳಿ ಹಾಕುವುದಿಲ್ಲ. ಸ್ವಲ್ಪ ಯೋಚನೆ ಮಾಡಿದ ಮೇಲೆ ಮಾತು ಸರಿ ಅನ್ನಿಸಿತು. ನಮ್ಮ ಗಳಿಕೆ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಹೊಟ್ಟೆ ಮಾತ್ರ ಎಲ್ಲ ತಿಂಗಳೂ ಒಂದೇ. ಹಾಗಾದರೆ ಹೊಟ್ಟೆಯ ಲೆಕ್ಕವನ್ನು ತಿಂಗಳ ಲೆಕ್ಕದಿಂದ ಹೊರಗೆ ತೆಗೆದು ವರ್ಷದ ಲೆಕ್ಕ ಮಾಡಬೇಕು. ಕಾಳು ಅಗ್ಗ ಇರುವಾಗ ವರ್ಷಕ್ಕೆ ಆಗುವಷ್ಟು ಹಾಕಿಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದೇ. ಪೇಟೆಗೆ ಬಂದು ನಾವು ಪಾವು ಕೆಜಿ ಗಿರಾಕಿಗಳಾದೆವು.

ಜೋಳದಿಂದ ಶುರು ಮಾಡಿ. ನಮ್ಮ ಕಡೆ ಹಿಂಗಾರಿ ಬಿಳಿಜೋಳ ಕಟಾವಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಹೊಸ ಜೋಳ ರಾಶಿಯಾಗಿ ಬಂದಾಗ ಇರುವ ರೇಟು ದೀಪಾವಳಿ ಹೊತ್ತಿಗೆ ಇರುವುದಿಲ್ಲ. ನಿಮ್ಮ ಮನೆಗೆ ಎಷ್ಟು ಬೇಕು ಅಂತ ಅಂದಾಜು ಹೇಳಬೇಡಿ, ಅಳೆಯಿರಿ. ನಾನು ಒಂದು ವಾರ ದಿನಾ ಹಿಟ್ಟು ತೂಕ ಮಾಡಿ ನೋಡಿದೆ. ದಿನಕ್ಕೆ ಹನ್ನೆರಡು ರೊಟ್ಟಿಗೆ ಮುಕ್ಕಾಲು ಕೆಜಿ ಹಿಟ್ಟು. ವರ್ಷಕ್ಕೆ ಸುಮಾರು 275 ಕೆಜಿ. ನೆಂಟರು ಇಷ್ಟರು ಸೇರಿ ಮೂರು ಚೀಲ, ಅಂದರೆ ಮೂರು ಕ್ವಿಂಟಲ್.

ಹೋದ ಸುಗ್ಗಿಯಲ್ಲಿ ನನಗೆ ಕೆಜಿಗೆ 40 ರೂಪಾಯಿ ಬಿತ್ತು. ತವರೂರಿನಲ್ಲಿ, ಬಸವನ ಬಾಗೇವಾಡಿ ಕಡೆ, ನಮ್ಮಣ್ಣನ ಪಕ್ಕದ ಹೊಲದವರ ಹತ್ತಿರ ತಂದೆ. ಅದೇ ಮಾಲದಂಡಿ ತಳಿಯ ಜೋಳ ನಮ್ಮ ಓಣಿಯ ಅಂಗಡಿಯಲ್ಲಿ ದಸರೆ ಮುಂದೆ 55 ಇತ್ತು. ಕೆಜಿಗೆ 15 ರೂಪಾಯಿ ಅಂದರೆ ವರ್ಷಕ್ಕೆ ನಾಲ್ಕು ಸಾವಿರ ಉಳಿಯಿತು. ನಮ್ಮ ಒಂದು ತಿಂಗಳ ಬಾಡಿಗೆ! ಊರಲ್ಲಿ ಹೊಲದವರು ಗೊತ್ತಿಲ್ಲದಿದ್ದರೆ ಇಬ್ಬರು ಮೂವರು ಸೇರಿ ಎಪಿಎಂಸಿ ಕಡೆ ಹೋಗಿ ಚೀಲವನ್ನೇ ತೆಗೆದುಕೊಂಡು ಹಂಚಿಕೊಳ್ಳಿ.

ಜೋಳ ನೋಡಿ ತರುವುದು ಹೇಗೆ? ಚೀಲದ ಮೇಲಿನ ಜೋಳ ನೋಡಬೇಡಿ. ಮೊಣಕೈವರೆಗೆ ಕೈ ಇಳಿಸಿ. ಒಳಗೆ ಬೆಚ್ಚಗೆ ಅನ್ನಿಸಿದರೆ ಸರಿಯಾಗಿ ಒಣಗಿಲ್ಲ. ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿಯಿರಿ, ಕಟಕ್ ಅನ್ನಬೇಕು. ಕಾಳು ದುಂಡಗೆ, ಮುತ್ತಿನ ಹೊಳಪಿನಲ್ಲಿ ಇರಬೇಕು. ಕಪ್ಪು ಚುಕ್ಕೆ ಇದ್ದರೆ ತೆನೆಯಲ್ಲಿದ್ದಾಗ ಮಳೆ ಬಿದ್ದ ಜೋಳ ಅದು, ರೊಟ್ಟಿ ಮಸುಕಾಗುತ್ತದೆ, ರುಚಿಯೂ ಇರುವುದಿಲ್ಲ. ಇಷ್ಟೆಲ್ಲ ಆದ ಮೇಲೂ ನಾನು ಎರಡು ಕೆಜಿ ಸ್ಯಾಂಪಲ್ ತಂದು ಬೀಸಿ ರೊಟ್ಟಿ ಬಡಿದೇ ಚೀಲಕ್ಕೆ ದುಡ್ಡು ಕೊಡುವುದು.

ಇಡುವ ವಿಷಯದಲ್ಲಿ ನಾನು ಮೊದಲ ವರ್ಷವೇ ಎಡವಿದೆ. ಮಾಳಿಗೆ ಮೇಲೆ ಎರಡು ದಿನ ಬಿಸಿಲಿಗೆ ಹರವಿದೆ, ಅದು ಸರಿ. ಆದರೆ ಸಂಜೆ ಮೋಡ ಕವಿಯಿತು ಅಂತ ಗಡಿಬಿಡಿಯಲ್ಲಿ ಬಿಸಿಬಿಸಿ ಜೋಳವನ್ನೇ ಚೀಲಕ್ಕೆ ತುಂಬಿ, ಬಚ್ಚಲ ಕಡೆಯ ಗೋಡೆಗೆ ಆನಿಸಿ, ಬರಿ ನೆಲದ ಮೇಲೆ ಇಟ್ಟೆ. ಶ್ರಾವಣದಲ್ಲಿ ಚೀಲದ ತಳ ಮುಟ್ಟಿದರೆ ತಣ್ಣಗೆ, ಮುಗ್ಗಲು ವಾಸನೆ. ಹದಿನೈದು ಕೆಜಿ ಕೆಟ್ಟಿತ್ತು. ಅತ್ತೆ ಬೈಯಲಿಲ್ಲ, ಸುಮ್ನೆ ಕೂತು ಒಂದು ಮಧ್ಯಾಹ್ನ ಪೂರ್ತಿ ಕೆಟ್ಟದ್ದು ಒಳ್ಳೆಯದ್ದು ಬೇರೆ ಮಾಡಿದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಈಗ ಹೀಗೆ ಮಾಡುತ್ತೇನೆ. ಕಡು ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿಸಿ, ರಾತ್ರಿ ಮನೆಯೊಳಗೆ ಹರವಿ ಪೂರ್ತಿ ಆರಲು ಬಿಡುತ್ತೇನೆ. ಮರುದಿನ ಮುಂಜಾನೆ ತುಂಬುವುದು. ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಒಂದು ಪದರ, ಜೋಳ ಒಂದು ಪದರ. ಹಸಿ ಎಲೆ ಹಾಕಿದರೆ ಅದರ ನೀರೇ ಜೋಳ ಕೆಡಿಸುತ್ತದೆ. ಕೆಳಗೆ ಇಟ್ಟಿಗೆ, ಅದರ ಮೇಲೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ. ಒಂದು ಚೀಲ ಮುಗಿಯುವವರೆಗೆ ಇನ್ನೊಂದರ ಬಾಯಿ ಬಿಚ್ಚುವುದಿಲ್ಲ. ಮಳೆಗಾಲ ಮುಗಿದ ಮೇಲೆ ಉಳಿದದ್ದಕ್ಕೆ ಇನ್ನೊಮ್ಮೆ ಬಿಸಿಲು. ಹಳೆ ಕಾಲದಲ್ಲಿ ನೆಲದೊಳಗೆ ಹಗೇವು ತೆಗೆದು ಜೋಳ ಇಡುತ್ತಿದ್ದರು. ಬಾಡಿಗೆ ಮನೆಯಲ್ಲಿ ನೆಲ ಅಗೆದರೆ ಮಾಲೀಕರು ನಮ್ಮನ್ನೇ ಒಳಗೆ ಹಾಕುತ್ತಾರೆ.

ಬೀಸಿಸುವುದು ಮಾತ್ರ ಎಂಟು ದಿನಕ್ಕೊಮ್ಮೆ, ಐದಾರು ಕೆಜಿ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಎಸರು ಎಷ್ಟು ಕುದಿಸಿ ಹಾಕಿದರೂ ಬಡಿಯುವಾಗ ಅಂಚು ಸೀಳುತ್ತದೆ, ಆಮೇಲೆ ಕಹಿಯೂ ಆಗುತ್ತದೆ. ಅಂಗಡಿಯ ಪ್ಯಾಕೆಟ್ ಹಿಟ್ಟಿನ ರೊಟ್ಟಿ ಯಾಕೆ ಹರಿಯುತ್ತೆ ಅಂತ ಕೇಳುವವರಿಗೆ ಉತ್ತರ ಇಷ್ಟೇ.

ಉಳಿದ ಸಾಮಾನಿಗೂ ಅದರದರ ಹೊತ್ತಿದೆ. ತೊಗರಿ ರಾಶಿ ಆಗುವುದು ಡಿಸೆಂಬರ್, ಜನವರಿ. ಬೇಳೆ ಆಮೇಲೆ ಹಾಕಿಕೊಳ್ಳಬೇಕು. ಒಣ ಮೆಣಸಿನಕಾಯಿ, ಹುಣಸೆಹಣ್ಣು, ಬೆಳ್ಳುಳ್ಳಿ ಶಿವರಾತ್ರಿ ಆಚೀಚೆ. ಬೆಲ್ಲ ಗಾಣ ನಡೆಯುವ ಚಳಿಗಾಲದಲ್ಲಿ. ಮಹಾಲಿಂಗಪುರ ಕಡೆ ಟೆಂಪೊ ಹೋದಾಗ ನಮ್ಮನೆಯವರು ಒಂದು ಪೆಂಟಿ, ಅಂದರೆ ದೊಡ್ಡ ಅಚ್ಚು, ತರುತ್ತಾರೆ. ಹೊಸ ಶೇಂಗಾ ದೀಪಾವಳಿ ಹೊತ್ತಿಗೆ. ಉಳ್ಳಾಗಡ್ಡಿಯಲ್ಲಿ ಹುಷಾರು. ಮಳೆಗಾಲದ ಬೆಳೆ ಎಷ್ಟೇ ಅಗ್ಗ ಸಿಕ್ಕರೂ ಇಡಲು ಬರುವುದಿಲ್ಲ, ಮೊಳಕೆ ಬರುತ್ತದೆ, ಕೊಳೆಯುತ್ತದೆ. ಇಡುವುದಾದರೆ ಬೇಸಿಗೆ ಉಳ್ಳಾಗಡ್ಡಿ, ಗಾಳಿ ಆಡುವ ಕಡೆ ಹರವಿ. ಲಿಂಬೆಹಣ್ಣು ಬೇಸಿಗೆಯಲ್ಲಿ ಮುಟ್ಟಲೇಬೇಡಿ. ಇಂಡಿ ಕಡೆಯ ಹಣ್ಣು ಮಳೆಗಾಲದಲ್ಲಿ ರಾಶಿ ಬೀಳುತ್ತದೆ, ಆಗ ಉಪ್ಪಿನಕಾಯಿ ಹಾಕಿದರೆ ಬೇಸಿಗೆ ಆರಾಮ.

ಸರಿ, ದುಡ್ಡು ಎಲ್ಲಿಂದ? ಒಮ್ಮೆಗೇ 12 ಸಾವಿರ ಜೋಳಕ್ಕೆ ಕೊಡುವಂತಿದ್ದರೆ ಇದನ್ನೆಲ್ಲ ಯಾಕೆ ಓದುತ್ತಿದ್ದೆ ಅಂತ ನೀವು ಅನ್ನಬಹುದು. ನನಗೂ ಆಗಲಿಲ್ಲ. ಮೊದಲ ವರ್ಷ ಮದುವೆ ಸೀಜನ್ನಿನ ಹೊಲಿಗೆ ದುಡ್ಡಿನಲ್ಲಿ ಒಂದೇ ಚೀಲ ತಂದೆ. ಆ ಚೀಲ ಇದ್ದಷ್ಟು ದಿನ ಅಂಗಡಿಯಲ್ಲಿ ಜೋಳಕ್ಕೆ ಕೊಡುತ್ತಿದ್ದ ದುಡ್ಡನ್ನು ಕೊಟ್ಟಂತೆಯೇ ತೆಗೆದು ಡಬ್ಬಿಗೆ ಹಾಕಿದೆ. ಇದೇ ಮುಖ್ಯ. ಜೋಳ ಮನೆಯಲ್ಲಿದೆ ಅಂತ ಆ ದುಡ್ಡು ಬೇರೆ ಕಡೆ ಹೋದರೆ ಮುಂದಿನ ಸುಗ್ಗಿಗೆ ಮತ್ತೆ ಬರಿಗೈ. ಎರಡನೇ ವರ್ಷ ಎರಡು ಚೀಲ, ಮೂರನೇ ವರ್ಷ ಮೂರು.

ಗೃಹಲಕ್ಷ್ಮಿಯ 2 ಸಾವಿರವನ್ನು ನಾನು ತಿಂಗಳ ಆದಾಯ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಬಿದ್ದ ಖಾತೆಯ ಎಟಿಎಂ ಕಾರ್ಡು ಅತ್ತೆಯ ಟ್ರಂಕಿನಲ್ಲಿದೆ. ವರ್ಷಕ್ಕೆ 24 ಸಾವಿರ ಆದರೆ ಅರ್ಧ ಜೋಳಕ್ಕೆ, ಉಳಿದರ್ಧ ಬೇಳೆ, ಶೇಂಗಾ, ಮೆಣಸಿನಕಾಯಿ, ಬೆಲ್ಲಕ್ಕೆ. ಕೈಯಲ್ಲಿ ನಿಲ್ಲುವುದಿಲ್ಲ ಅನ್ನುವವರು ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ (ತಿಂಗಳಾ ತಿಂಗಳಾ ಕಟ್ಟುವ ಠೇವಣಿ) ಮಾಡಿ, ಮಾರ್ಚ್‌ಗೆ ಮುಗಿಯುವ ಹಾಗೆ. ಪೋಸ್ಟಿನ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಒಳ್ಳೆಯದೇ. ಆದರೆ ಅದು ಐದು ವರ್ಷದ್ದು, ಮೂರು ವರ್ಷಕ್ಕೆ ಮುಂಚೆ ಮುರಿಯಲು ಬರುವುದಿಲ್ಲ. ಅದು ಮಗಳ ಕಾಲೇಜಿಗೆ ಇರಲಿ, ಜೋಳಕ್ಕೆ ಬೇಡ.

ಕಾಳು ಮನೆಯಲ್ಲಿದ್ದರೆ ದಿನದ ಖರ್ಚು ಬರೀ ಕಾಯಿಪಲ್ಯ, ಹಾಲು. ನಾನು ಶಾಸ್ತ್ರಿ ಮಾರ್ಕೆಟ್‌ಗೆ ಹೋಗುವುದು ಸಂಜೆ ದೀಪ ಹಚ್ಚಿದ ಮೇಲೆ. ಸೊಪ್ಪು ಮಾರುವ ಅಜ್ಜಿಯರಿಗೆ ಉಳಿದ ಸಿವುಡು (ಕಟ್ಟು) ಮನೆಗೆ ಒಯ್ಯುವ ಮನಸ್ಸಿರುವುದಿಲ್ಲ. ಮುಂಜಾನೆಯ ಅರ್ಧ ರೇಟಿಗೆ ಮೆಂತ್ಯ, ರಾಜಗಿರಿ, ಪುಂಡಿ ಸಿಗುತ್ತದೆ. ಅದಕ್ಕೂ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಪುಂಡಿ ಪಲ್ಯ ಒಂದು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಸಿವುಡಿಗೆ ಐದು ಜನ ಎರಡು ಹೊತ್ತು ಉಣ್ಣುತ್ತೇವೆ. ಸೊಪ್ಪು ಬಿಡಿಸಿ ತೊಳೆದು ಕುದಿಸಿ ಆ ಹುಳಿ ನೀರು ಅರ್ಧ ಚೆಲ್ಲಿ. ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಐದಾರು ಹಸಿಮೆಣಸಿನಕಾಯಿ ಕುಕ್ಕರಿನಲ್ಲಿ ಬೇಯಿಸಿ. ಸೊಪ್ಪು ಸೇರಿಸಿ ಕಡಗೋಲಿನಿಂದ ಚೆನ್ನಾಗಿ ಮಸೆಯಿರಿ. ಉಪ್ಪು, ಚಿಟಿಕೆ ಅರಿಶಿನ. ಕೊನೆಗೆ ಒಂದು ಗಡ್ಡೆ ಬೆಳ್ಳುಳ್ಳಿ ಜಜ್ಜಿ, ಎಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ. ಎಣ್ಣೆಗೆ ಜಿಪುಣತನ ಮಾಡುವುದಾದರೆ ಬೇರೆ ದಿನ ಮಾಡಿ, ಈ ಪಲ್ಯಕ್ಕೆ ಬೇಡ. ಮರುದಿನ ಇನ್ನೂ ರುಚಿ. ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು, ಒಂದು ಹಸಿ ಉಳ್ಳಾಗಡ್ಡಿ. ನನ್ನ ಮಗ ಇದನ್ನು ಬಡವರ ಊಟ ಅಂತ ಇನ್ನೂ ತಿಳಿದಿಲ್ಲ.

ರೇಷನ್ ಅಕ್ಕಿ ರಾತ್ರಿ ಒಂದು ಹೊತ್ತಿಗೆ. ಮಿಕ್ಕಿದ್ದು ದೋಸೆಗೆ, ಬೇಸಿಗೆಯಲ್ಲಿ ಸಂಡಿಗೆಗೆ. ಅದನ್ನು ಮಾರುವುದು ಕಾನೂನಿಗೂ ತಪ್ಪು, ನಮಗೂ ನಷ್ಟ. ಮಾರಿದ ರೇಟಿಗೆ ಮತ್ತೆ ಅಕ್ಕಿ ಸಿಗುವುದಿಲ್ಲ.

ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಅದರ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. ನಮ್ಮದು 38 ದಿನ ಬರುತ್ತಿತ್ತು, ಈಗ 50 ದಾಟುತ್ತದೆ. ಮಾಡಿದ್ದು ಇಷ್ಟೇ: ರೊಟ್ಟಿ ದಿನಕ್ಕೆ ಒಂದೇ ಸಲ, ಮುಂಜಾನೆ. ಕೊನೆಯ ರೊಟ್ಟಿ ಇಳಿಸಿದ ಮೇಲೆ ಕಾದ ಹಂಚಿನಲ್ಲೇ ಶೇಂಗಾ ಅಥವಾ ಮೆಣಸಿನಕಾಯಿ ಹುರಿಯುವುದು. ಮಡಕಿ ಕಾಳು, ಕಡಲೆ ರಾತ್ರಿಯೇ ನೆನೆಹಾಕುವುದು. ಉಳಿದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಕಟಕ್ ಮಾಡಿಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಮಕ್ಕಳು ಬಿಸ್ಕತ್ತು ಕೇಳುವ ಹೊತ್ತಿಗೆ ಅದಕ್ಕೆ ಶೇಂಗಾ ಚಟ್ನಿ, ಎಣ್ಣೆ ಸವರಿ ಕೊಡುತ್ತೇನೆ. ಯಾವಾಗಲೂ ಒಪ್ಪುತ್ತಾರೆ ಅಂತಲ್ಲ.

ಕರೆಂಟ್ ಫ್ರೀ ಅಂತ ಫ್ಯಾನ್ ಬಿಟ್ಟು ಹೋಗುವವರಿಗೆ ಒಂದು ಮಾತು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಇಲ್ಲ. 2022-23ರಲ್ಲಿ ನಿಮ್ಮ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದರ ಮೇಲೆ ಹತ್ತು ಪರ್ಸೆಂಟ್, 48 ಯೂನಿಟ್‌ಗಿಂತ ಕಡಿಮೆ ಓಡಿದ್ದರೆ ಹತ್ತು ಯೂನಿಟ್, ಅಷ್ಟೇ. ನಮ್ಮದು 60, ಹಾಗಾಗಿ 66 ಯೂನಿಟ್. ಅದು ದಾಟಿದರೆ ದಾಟಿದ್ದಕ್ಕೆ ಬಿಲ್ಲು. 200 ದಾಟಿದರೆ ಪೂರ್ತಿ ಬಿಲ್ಲು. ನಿಮ್ಮ ಅಂಕಿ ಎಷ್ಟು ಅಂತ ಬಿಲ್ ನೋಡಿ ಗೋಡೆ ಮೇಲೆ ಬರೆದಿಡಿ. ಏಪ್ರಿಲ್, ಮೇ ತಿಂಗಳಲ್ಲಿ ನಾವಂತೂ ದಾಟುತ್ತೇವೆ, ವಿಜಯಪುರದ ಬಿಸಿಲಿಗೆ ಅದು ತಪ್ಪದು. ಬಸ್ಸೂ ಹಾಗೆಯೇ. ಟಿಕೆಟ್ ಫ್ರೀ ಅಂತ ಹೋದಲ್ಲಿ ಐನೂರು ರೂಪಾಯಿ ಸಾಮಾನು ತಂದರೆ ಅದು ಫ್ರೀ ಅಲ್ಲ. ನಾನು ತವರಿಗೆ ಹೋದರೆ ಬುತ್ತಿ ಕಟ್ಟಿಕೊಂಡು ಹೋಗಿ ಅದೇ ಚೀಲದಲ್ಲಿ ಅಣ್ಣನ ಹೊಲದ ಕಾಯಿಪಲ್ಯ ತರುತ್ತೇನೆ.

ಸಾಲದ ಮಾತು ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಅತ್ತೆಯ ಆಸ್ಪತ್ರೆ ಖರ್ಚಿಗೆ ಮನೆ ಬಾಗಿಲಿಗೆ ಬಂದು ಕೊಡುವವರ ಹತ್ತಿರ 40 ಸಾವಿರ ತೆಗೆದುಕೊಂಡೆ. ಕಾಗದ ಓದದೆ ಸಹಿ ಹಾಕಿದೆ. ಕೆಲಸ ಕಡಿಮೆಯಾದಾಗ ಆ ಕಂತು ಕಟ್ಟಲು ಇನ್ನೊಬ್ಬರ ಹತ್ತಿರ ಇನ್ನೊಂದು ಸಾಲ. ಅದೇ ನನ್ನ ದೊಡ್ಡ ತಪ್ಪು. ಮೊದಲನೆಯದಕ್ಕೆ ಕಾರಣ ಇತ್ತು, ಎರಡನೆಯದಕ್ಕೆ ಬರೀ ನಾಚಿಕೆ ಇತ್ತು. ಕಂತು ತಪ್ಪಿದರೆ ಸಾಲದ ಸಂಘದ ಹೆಂಗಸರ ಮುಂದೆ ಮಾರಿ ಹೇಗೆ ತೋರಿಸಲಿ ಅಂತ.

ಆಮೇಲೆ ತಿಳಿದುಕೊಂಡದ್ದು: ಕಿರುಸಾಲ ಕೊಡುವವರಿಗೆ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬಡ್ಡಿ, ಖರ್ಚು ಎಲ್ಲ ಬರೆದ ಕಾಗದ ನಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಮುಂಜಾನೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. 2025ರಲ್ಲಿ ನಮ್ಮ ರಾಜ್ಯವೂ ವಸೂಲಿ ಕಿರುಕುಳದ ವಿರುದ್ಧ ಕಾನೂನು ತಂದಿದೆ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು. ನಾನು ಎರಡು ಬಳೆ ಬ್ಯಾಂಕಿನಲ್ಲಿಟ್ಟು, ಬಡ್ಡಿ ಜಾಸ್ತಿ ಇದ್ದದ್ದನ್ನು ಮೊದಲು ತೀರಿಸಿದೆ. ಬಳೆ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು. ಆ ಹದಿನಾಲ್ಕು ತಿಂಗಳು ಮದುವೆಗೆ ಹೋದರೆ ಗಾಜಿನ ಬಳೆ ಕೈತುಂಬ ಹಾಕಿಕೊಂಡೆ. ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿದ್ದೆ.

ವಿಮೆ ಎರಡು ಇವೆ, ಬಿಡಬೇಡಿ. ಬ್ಯಾಂಕ್ ಖಾತೆಯಿಂದಲೇ ವರ್ಷಕ್ಕೆ 436 ರೂಪಾಯಿ ಹೋಗುವ ಜೀವನಜ್ಯೋತಿ, 20 ರೂಪಾಯಿ ಹೋಗುವ ಅಪಘಾತದ ಸುರಕ್ಷಾ ವಿಮೆ. ಒಂದೊಂದಕ್ಕೂ 2 ಲಕ್ಷ. ಜೀವನಜ್ಯೋತಿಗೆ 50 ವರ್ಷದೊಳಗೆ ಸೇರಬೇಕು. ದುಡ್ಡು ಕಡಿತವಾಗುವುದು ಮೇ ಕೊನೆಯಲ್ಲಿ. ಆಗ ಖಾತೆಯಲ್ಲಿ 500 ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ. ಗಾಡಿ ಓಡಿಸುವವರ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ.

ಬಜೆಟ್ ಕೆಡಿಸುವುದು ಊಟ ಅಲ್ಲ, ಆಯೇರಿ, ಅಂದರೆ ಮದುವೆಗೆ ಕೊಡುವ ಉಡುಗೊರೆ. ಒಂದು ಲಗ್ನದ ಸೀಜನ್ನಿಗೆ ನೆಂಟರು, ಓಣಿಯವರು ಸೇರಿ ಹತ್ತು ಮದುವೆ. ಸೀರೆ, ಕುಪ್ಪಸ, ಮುಯ್ಯಿ. ನಾನು ಈಗ ಹತ್ತಿರದವರಿಗೆ ಒಂದು ಗುಳೇದಗುಡ್ಡ ಖಣ ತಂದು, ಮದುಮಗಳ ಅಳತೆಗೆ ನಾನೇ ಹೊಲಿದು ಕೊಡುತ್ತೇನೆ. ದುಡ್ಡು ಖಣದ್ದಷ್ಟೇ, ಹೊಲಿಗೆ ನನ್ನದು. ಒಬ್ಬರು ಮೂಗು ಮುರಿದರು. ಆರು ತಿಂಗಳ ಮೇಲೆ ಅವರೇ ಸೊಸೆಯ ನಾಲ್ಕು ಜಂಪರ್ ಹೊಲಿಯಲು ಕೊಟ್ಟರು, ಪೂರ್ತಿ ರೇಟ್ ತೆಗೆದುಕೊಂಡೆ.

ಇಷ್ಟೆಲ್ಲ ಬಿಗಿ ಹಿಡಿದರೂ ಎರಡು ಕಡೆ ಲೆಕ್ಕ ಹಾಕುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಮಕ್ಕಳಿಗೆ ತಲಾ 150 ರೂಪಾಯಿ ಕೈಗೆ ಕೊಡುತ್ತೇನೆ, ಏನು ಮಾಡಿದಿರಿ ಅಂತ ಕೇಳುವುದಿಲ್ಲ. ಹೋದ ಸಲ ಮಗ ಪೂರ್ತಿ ದುಡ್ಡು ತಿರುಗುವ ತೊಟ್ಟಿಲಿಗೇ ಹಾಕಿ ವಾಂತಿ ಮಾಡಿಕೊಂಡು ಬಂದ. ಇನ್ನೊಂದು ಎಳ್ಳಮಾವಾಸ್ಯೆ. ಅಣ್ಣನ ಹೊಲಕ್ಕೆ ಎಲ್ಲರೂ ಹೋಗುತ್ತೇವೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಾಳಿನ ಪಲ್ಯ ಬುಟ್ಟಿ ತುಂಬಾ. ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆಯನ್ನು ಹೊಲದಲ್ಲಿ ಬೀರಿ, ಉಂಡ ಮೇಲೆ ಅತ್ತೆ ಬದುವಿನ ಮೇಲೆ ನಿಂತು ಜೋಳದ ತೆನೆ ಹಿಡಿದು ನೋಡುತ್ತಾರೆ. ಕಾಳು ಕಟ್ಟಿದೆಯಾ, ಈ ಸಲ ರೇಟ್ ಎಷ್ಟಾಗಬಹುದು, ಮೂರು ಚೀಲಕ್ಕೆ ಈಗಲೇ ಹೇಳಿಡಲಾ ಅಂತ ಪಕ್ಕದ ಹೊಲದವರ ಹತ್ತಿರ ಮಾತು ಅಲ್ಲೇ ಶುರುವಾಗುತ್ತದೆ.